ತಾಂತ್ರಿಕ ಮತ್ತು ವೃತ್ತಿಪರ ಸಂವಹನದಲ್ಲಿ ವಿದ್ಯಾರ್ಥಿ ಸಂಶೋಧನೆ: ಮಂಗಳೂರು, ಉಡುಪಿಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಾಲೇಜುಗಳಲ್ಲಿ ಪದವಿ ಇಲ್ಲವೇ ಸ್ನಾತಕೋತ್ತರ ಪ್ರಾಜೆಕ್ಟಿಗೆ ಈ ಕ್ಷೇತ್ರವನ್ನು ಆರಿಸಿಕೊಳ್ಳುವವರು ಮಾರ್ಗದರ್ಶಕರ ಮುಂದೆ ಇಡುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಲಾಗಿದೆ. ಎಂಜಿನಿಯರಿಂಗ್, ಇಂಗ್ಲಿಷ್, ಪತ್ರಿಕೋದ್ಯಮ, ವಾಣಿಜ್ಯ, ಸಮಾಜಕಾರ್ಯ ಹೀಗೆ ಯಾವ ವಿಭಾಗದವರಿಗೂ ಉಪಯೋಗವಾಗಲಿ ಎಂಬುದು ಉದ್ದೇಶ. ನಿಮ್ಮ ವಿಶ್ವವಿದ್ಯಾನಿಲಯದ ನಿಯಮಾವಳಿ ಬೇರೆ ಏನಾದರೂ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ತಾಂತ್ರಿಕ ಮತ್ತು ವೃತ್ತಿಪರ ಸಂವಹನ ಎಂದರೆ ಯಾವುದು? ಅದರಲ್ಲಿ ಸಂಶೋಧನೆ ಮಾಡಲು ಏನಿದೆ?

ಒಂದು ಕೆಲಸ ಆಗಬೇಕೆಂದು ಬರೆಯುವ ಮತ್ತು ಆ ಕೆಲಸಕ್ಕಾಗಿಯೇ ಓದುವ ಬರಹಗಳೆಲ್ಲವೂ ಇದರೊಳಗೆ ಬರುತ್ತವೆ. ಪಂಪ್‌ಸೆಟ್ಟಿನ ಕೈಪಿಡಿ, ಬ್ಯಾಂಕಿನ ಸಾಲದ ಅರ್ಜಿ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಕಾರ್ಖಾನೆಯ ಸುರಕ್ಷತಾ ಫಲಕ, ಸಾಫ್ಟ್‌ವೇರ್ ಕಂಪನಿಯ ಸಹಾಯ ಪುಟ, ಎಂಜಿನಿಯರು ಮೇಲಧಿಕಾರಿಗೆ ಬರೆಯುವ ಟಿಪ್ಪಣಿ ಇವೆಲ್ಲ ಈ ಸಾಲಿನವು. ಕಾದಂಬರಿಯನ್ನು ಓದಿ ಮುಗಿಸಿದರೆ ಓದು ಪೂರ್ಣವಾಗುತ್ತದೆ. ಕೈಪಿಡಿಯನ್ನು ಓದಿ ಮುಗಿಸಿದವನ ಪಂಪ್ ಓಡದಿದ್ದರೆ ಆ ಓದಿಗೆ ಅರ್ಥವಿಲ್ಲ. ಆದ್ದರಿಂದ ಇಲ್ಲಿ ಸಂಶೋಧನೆಯ ಸಾಕ್ಷ್ಯವು ಬರಹದ ಅಂದಚೆಂದದಲ್ಲಿ ಸಿಗುವುದಿಲ್ಲ, ಅದನ್ನು ಹಿಡಿದುಕೊಂಡ ಮನುಷ್ಯ ಮುಂದೆ ಏನು ಮಾಡಿದ ಎಂಬುದರಲ್ಲಿ ಸಿಗುತ್ತದೆ. ಈ ಪುಟದ ಉಳಿದ ಉತ್ತರಗಳೆಲ್ಲವೂ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಅಮೆರಿಕದ ವಿದ್ವಾಂಸೆ ಕ್ಯಾರೊಲಿನ್ ಮಿಲ್ಲರ್ 1984ರಲ್ಲಿ ಮಂಡಿಸಿದ ವಿಚಾರವೂ ಇದಕ್ಕೆ ಸಮೀಪದ್ದು: ಅರ್ಜಿ, ವರದಿ, ಸುತ್ತೋಲೆ ಎಂಬ ಬರಹದ ಬಗೆಗಳನ್ನು ಅವುಗಳ ಹೊರರೂಪದಿಂದ ಗುರುತಿಸುವುದಕ್ಕಿಂತ, ಮತ್ತೆ ಮತ್ತೆ ಒದಗುವ ಸಂದರ್ಭಗಳಲ್ಲಿ ಅವು ನಡೆಸಿಕೊಡುವ ಸಾಮಾಜಿಕ ಕ್ರಿಯೆಯಿಂದ ಗುರುತಿಸಬೇಕು ಎಂಬುದು ಅವರ ವಾದ. ಬರಹ ಇದ್ದೂ ಕ್ರಿಯೆ ನಡೆಯದೆ ಹೋದುದಕ್ಕೆ ಎಲ್ಲರೂ ಉದಾಹರಿಸುವುದು ಚಾಲೆಂಜರ್ ದುರಂತವನ್ನು. 1986ರ ಜನವರಿ 28ರಂದು ಆ ಬಾಹ್ಯಾಕಾಶ ನೌಕೆ ನಾಶವಾಗುವ ಸುಮಾರು ಆರು ತಿಂಗಳು ಮೊದಲೇ, ಬೂಸ್ಟರ್ ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರಗಳ ಅಪಾಯವನ್ನು ಎಂಜಿನಿಯರ್ ರೋಜರ್ ಬೋಯ್ಸ್‌ಜೋಲಿ ಲಿಖಿತ ಟಿಪ್ಪಣಿಯಲ್ಲಿ ತಿಳಿಸಿದ್ದರು. ಎಚ್ಚರಿಕೆ ಕಾಗದದ ಮೇಲಿದ್ದರೂ ನಿರ್ಧಾರ ಬದಲಾಗಲಿಲ್ಲವೇಕೆ ಎಂಬುದನ್ನು ಈ ಕ್ಷೇತ್ರದ ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ.

ಇದು ಇಂಗ್ಲಿಷ್ ವಿಭಾಗದ ವಿಷಯವಲ್ಲವೇ? ನಾನು ಮೆಕ್ಯಾನಿಕಲ್ ವಿದ್ಯಾರ್ಥಿ.

ಅಲ್ಲ. ಯಂತ್ರವನ್ನು ಬಲ್ಲವರಿಗೆ ಅದರ ಕೈಪಿಡಿಯ ತಪ್ಪು ಬೇಗ ಕಾಣುತ್ತದೆ, ಭಾಷೆ ಬಲ್ಲವರಿಗೆ ಆ ತಪ್ಪಿನ ಕಾರಣ ಬೇಗ ಕಾಣುತ್ತದೆ. ಇಬ್ಬರು ಸೇರಿ ಮಾಡುವ ಪ್ರಾಜೆಕ್ಟಿಗೆ ನಿಮ್ಮ ವಿಭಾಗದಲ್ಲಿ ಅವಕಾಶವಿದ್ದರೆ ಬೇರೆ ವಿಭಾಗದ ಜೊತೆಗಾರರನ್ನೇ ಆರಿಸಿಕೊಳ್ಳುವುದು ಮೇಲು.

ವಿಷಯವನ್ನು ಎಲ್ಲಿ ಹುಡುಕಬೇಕು?

ಅಂತರಜಾಲದಲ್ಲಿ ಹುಡುಕಿದರೆ ಅಮೆರಿಕದ ವಿಶ್ವವಿದ್ಯಾಲಯಗಳ ವಿಷಯಗಳೇ ಸಿಗುತ್ತವೆ, ಅವುಗಳ ನಕಲನ್ನು ಇಲ್ಲಿ ಮಾಡುವುದರಲ್ಲಿ ಹುರುಳಿಲ್ಲ. ಕರಾವಳಿಯಲ್ಲಿ ಕಣ್ಣೆದುರಿಗೇ ಇರುವ ಸಾಮಗ್ರಿಯನ್ನು ನೋಡಿ. ಮಲ್ಪೆ ಮತ್ತು ಮಂಗಳೂರಿನ ಹಳೆ ಬಂದರಿನ ಮೀನುಗಾರರಿಗೆ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ಅಂದರೆ ಇನ್‌ಕಾಯ್ಸ್, ಉಪಗ್ರಹದಿಂದ ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ಹರಿತ್ತಿನ (ಕ್ಲೋರೋಫಿಲ್) ಪ್ರಮಾಣವನ್ನು ಅಳೆದು ಮೀನು ಸಿಗಬಹುದಾದ ವಲಯಗಳ ಸೂಚನೆ ಕಳುಹಿಸುತ್ತದೆ. ಅದರಲ್ಲಿ ದಿಕ್ಕು, ದೂರ, ಆಳ, ಅಕ್ಷಾಂಶ, ರೇಖಾಂಶ ಎಲ್ಲವೂ ಇರುತ್ತದೆ. ದೋಣಿ ನಡೆಸುವ ತಾಂಡೇಲರು ಅದರಲ್ಲಿ ಯಾವ ಅಂಶವನ್ನು ಮೊದಲು ನೋಡುತ್ತಾರೆ, ಯಾವುದನ್ನು ನೋಡುವುದೇ ಇಲ್ಲ, ಜಿಪಿಎಸ್ ಉಪಕರಣಕ್ಕೆ ಅಂಕಿಗಳನ್ನು ಹಾಕುವಾಗ ಎಲ್ಲಿ ಎಡವುತ್ತಾರೆ ಎಂಬುದೇ ಒಂದು ಪ್ರಬಂಧಕ್ಕೆ ಸಾಕು.

ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ಗುರುತು ಇನ್ನೊಂದು. ನಮ್ಮ ದೇಶದ ನಿಯಮದಂತೆ ಕೆಂಪು, ಹಳದಿ, ನೀಲಿ, ಹಸಿರು ಎಂಬ ಇಳಿಕೆಯ ಕ್ರಮದಲ್ಲಿ ವಿಷದ ತೀವ್ರತೆಯನ್ನು ಅದು ತೋರಿಸುತ್ತದೆ. ಹಸಿರು ಎಂದರೆ ಸ್ವಲ್ಪ ಮಟ್ಟಿಗೆ ವಿಷ ಎಂದು ಅರ್ಥವೇ ಹೊರತು ವಿಷವಿಲ್ಲ ಎಂದಲ್ಲ. ಅಂಗಡಿಯಲ್ಲಿ ಅದನ್ನು ಕೊಳ್ಳುವವರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆಂದು ಕೇಳಿ ನೋಡಬೇಕಾದುದೇ.

ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ಮಂಗಳೂರಿನಷ್ಟು ಅನುಕೂಲದ ಊರು ಕರ್ನಾಟಕದಲ್ಲಿ ವಿರಳ. ಬಾಸೆಲ್ ಮಿಷನ್ ಇಲ್ಲಿ 1841ರಲ್ಲಿ ಮುದ್ರಣಾಲಯ ತೆರೆಯಿತು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಮಂಗಳೂರ ಸಮಾಚಾರ ಹೊರಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಮಿಷನ್ನಿನ ಹಳೆಯ ದಾಖಲೆಗಳು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿವೆ. ಹತ್ತೊಂಬತ್ತನೆಯ ಶತಮಾನದ ಒಂದು ಉದ್ಯಮ ತನ್ನ ವ್ಯವಹಾರವನ್ನು ಕಾಗದದ ಮೇಲೆ ಹೇಗೆ ನಡೆಸುತ್ತಿತ್ತು ಎಂಬುದೂ ವೃತ್ತಿಪರ ಸಂವಹನದ ಪ್ರಶ್ನೆಯೇ ಆಗಿದೆ.

ನನ್ನ ವಿಷಯ ತುಂಬಾ ದೊಡ್ಡದಾಯಿತು ಎಂದು ಗೈಡ್ ಹೇಳುತ್ತಾರೆ. ಸಣ್ಣದು ಮಾಡುವುದು ಹೇಗೆ?

"ಕರಾವಳಿಯಲ್ಲಿ ವಿಪತ್ತು ಸಂವಹನ" ಎಂಬ ಶೀರ್ಷಿಕೆಯನ್ನು ಹಿಡಿದು ಬರುವವರು ಬಹಳ ಮಂದಿ. ಅದನ್ನು ಒಂದು ಬರಹಕ್ಕೆ, ಒಂದು ಓದುಗ ವರ್ಗಕ್ಕೆ, ಒಂದು ಕೆಲಸಕ್ಕೆ ಇಳಿಸಬೇಕು. ಮಳೆಗಾಲದಲ್ಲಿ ದಿನಬೆಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಆರೆಂಜ್ ಅಲರ್ಟ್ ಸಂದೇಶವನ್ನೇ ತೆಗೆದುಕೊಳ್ಳಿ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಸುರಿದರೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ ಮಳೆ, ಅದಕ್ಕೂ ಮೀರಿದರೆ ಅತ್ಯಂತ ಭಾರೀ ಮಳೆ. ಬಣ್ಣವಾದರೋ ಜನರೂ ಆಡಳಿತವೂ ಎಷ್ಟು ಸನ್ನದ್ಧರಾಗಿರಬೇಕು ಎಂಬುದನ್ನು ಹೇಳುತ್ತದೆ: ಹಳದಿಯಾದರೆ ಗಮನಿಸುತ್ತಿರಿ, ಕಿತ್ತಳೆಯಾದರೆ ಸಿದ್ಧರಾಗಿರಿ, ಕೆಂಪಾದರೆ ಕಾರ್ಯಪ್ರವೃತ್ತರಾಗಿರಿ. ಆದರೆ ಆಟಿ ತಿಂಗಳಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿಯುವುದು ಇಲ್ಲಿನವರಿಗೆ ಹೊಸದಲ್ಲ, ಮತ್ತು ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಆ ಸಂದೇಶವನ್ನು ತೆರೆಯುವುದು ನಾಳೆ ರಜೆ ಇದೆಯೇ ಎಂದು ತಿಳಿಯುವುದಕ್ಕೆ.

ಹಾಗಾದರೆ ಸಂಶೋಧನಾ ಪ್ರಶ್ನೆಯನ್ನು ಹೀಗೆ ಕಟ್ಟಬಹುದು: ನೇತ್ರಾವತಿ ಮತ್ತು ಕುಮಾರಧಾರಾ ಸಂಗಮವಾಗುವ ಉಪ್ಪಿನಂಗಡಿಯಲ್ಲಿ ಹೊಳೆಬದಿಯ ಮನೆಯವರು ಕಿತ್ತಳೆ ಬಣ್ಣದ ಸಂದೇಶವನ್ನು ಓದಿದ ಮೇಲೆ ಮುಂದಿನ ಒಂದು ದಿನದಲ್ಲಿ ತಮ್ಮ ಯಾವ ಕೆಲಸವನ್ನು ಬದಲಾಯಿಸುತ್ತಾರೆ, ಆ ಬದಲಾವಣೆಗೆ ಸಂದೇಶದ ಯಾವ ವಾಕ್ಯ ಕಾರಣವಾಗುತ್ತದೆ? ಇಷ್ಟು ಕಿರಿದಾದರೆ ಒಂದು ಸೆಮಿಸ್ಟರಿನಲ್ಲಿ ಮುಗಿಯುತ್ತದೆ, ಉತ್ತರವೂ ಖಚಿತವಾಗಿರುತ್ತದೆ.

ಓದುಗರನ್ನು ಗಮನಿಸುವುದು ಎಂದರೆ ಪ್ರಾಯೋಗಿಕವಾಗಿ ಏನು ಮಾಡಬೇಕು? ಒಂದು ಉದಾಹರಣೆ ಸಿಗಬಹುದೇ?

ಅಡಿಕೆ ತೋಟದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಕೊಳೆರೋಗಕ್ಕೆ ಬಿಡುವ ಶೇ. 1ರ ಬೋರ್ಡೋ ದ್ರಾವಣದ ಸೂಚನೆ ಅರ್ಧ ಪುಟಕ್ಕಿಂತ ಹೆಚ್ಚಿರುವುದಿಲ್ಲ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣವನ್ನು ಬೇರೆ ಪಾತ್ರೆಯ 50 ಲೀಟರ್ ನೀರಿನಲ್ಲಿ ಕದಡಬೇಕು, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕಂದು ಬಣ್ಣ ಹಿಡಿದರೆ ತಾಮ್ರ ಹೆಚ್ಚಾಗಿದೆ, ಸುಣ್ಣ ಇನ್ನಷ್ಟು ಬೇಕು ಎಂದು ತಿಳಿಯಬೇಕು. ಮಾಡಿದ ದ್ರಾವಣವನ್ನು ಆ ದಿನವೇ ಮುಗಿಸಬೇಕು.

ಈ ಕರಪತ್ರವನ್ನು ಮೇಜಿನ ಮೇಲಿಟ್ಟು ವಿಶ್ಲೇಷಿಸಿದರೆ ವಾಕ್ಯಗಳು ಸರಳವಾಗಿವೆ, ಚಿತ್ರ ಮಸುಕಾಗಿದೆ ಎಂಬ ಎರಡು ಮಾತುಗಳಿಗಿಂತ ಹೆಚ್ಚು ಬರೆಯಲಾಗದು. ಮದ್ದು ಬಿಡುವ ದಿನ ಬೆಳಿಗ್ಗೆ ತೋಟದ ಮನೆಯ ಅಂಗಳದಲ್ಲಿ ನಿಂತು ನೋಡಿದರೆ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಕಾಗದ ಹೇಳುವುದು 100 ಲೀಟರಿಗೆ, ಅಂಗಳದಲ್ಲಿರುವುದು 200 ಲೀಟರಿನ ಬ್ಯಾರೆಲ್. ಆ ಲೆಕ್ಕವನ್ನು ಯಾರು, ಯಾವಾಗ ಮಾಡುತ್ತಾರೆ? ಓದುವವರು ಮನೆಯ ಯಜಮಾನರೋ ಅವರ ಮಗಳೋ ಆಗಿದ್ದು, ಕಲಕುವವರು ಕೆಲಸಕ್ಕೆ ಬಂದವರಾಗಿದ್ದರೆ ಸೂಚನೆ ಓದಿನ ರೂಪದಲ್ಲಿ ತಲುಪುವುದಿಲ್ಲ, ಕೇಳಿದ ಮಾತಾಗಿ ತಲುಪುತ್ತದೆ. ಆ ದಾಟುವಿಕೆಯಲ್ಲಿ ಯಾವ ಹಂತ ಬಿಟ್ಟುಹೋಗುತ್ತದೆ? ಚೂರಿಯ ಪರೀಕ್ಷೆ ಕೊನೆಯ ಸಾಲಿನಲ್ಲಿರುವಾಗ ಅದನ್ನು ಮಾಡುತ್ತಾರೆಯೇ, ದ್ರಾವಣದ ಬಣ್ಣ ನೋಡಿಯೇ ಸರಿಯಾಗಿದೆ ಎಂದು ನಿರ್ಧರಿಸುತ್ತಾರೆಯೇ? ಕೈಗೆ ಸುಣ್ಣ ಮೆತ್ತಿಕೊಂಡಿರುವಾಗ ಕಾಗದ ಎಲ್ಲಿರುತ್ತದೆ? ಹೀಗೆ ಗಮನಿಸುವಾಗ ತಿದ್ದಲು ಹೋಗಬಾರದು, ಸಮಯ ಮತ್ತು ಕ್ರಮವನ್ನು ಬರೆದುಕೊಳ್ಳುತ್ತಾ ಹೋಗಬೇಕು. ಆದರೆ ಯಾರಿಗಾದರೂ ಅಪಾಯವಾಗುವಂತಿದ್ದರೆ ಅಧ್ಯಯನವನ್ನು ಬದಿಗಿಟ್ಟು ಹೇಳಿಬಿಡಬೇಕು. ಕೆಲಸ ಮುಗಿದ ಮೇಲೆ ಕುಳಿತು ಕೇಳಿದರೆ ಕಾರಣಗಳು ತಿಳಿಯುತ್ತವೆ, ಮತ್ತು ಎಷ್ಟೋ ಬಾರಿ ಬೆಳೆಗಾರರು ಕಾಗದವನ್ನು ಮೀರಿದ್ದಕ್ಕೆ ಅನುಭವದ ಬಲವಾದ ಕಾರಣವಿರುತ್ತದೆ. ಅದನ್ನು ಅಜ್ಞಾನವೆಂದು ಬರೆಯುವ ವರದಿ ನಮ್ಮ ದೃಷ್ಟಿಯಲ್ಲಿ ಕಳಪೆ ವರದಿ.

ಸೂಚನೆಯ ತಾಂತ್ರಿಕ ಭಾಗ ಸರಿಯಿದೆಯೇ ಎಂಬ ಅನುಮಾನ ಬಂದರೆ ವಿಟ್ಲದಲ್ಲಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಬೇಕು. ಸಂವಹನದ ವಿದ್ಯಾರ್ಥಿ ಮದ್ದಿನ ಪ್ರಮಾಣದ ಬಗ್ಗೆ ಸ್ವಂತ ತೀರ್ಪು ಕೊಡಬಾರದು.

ಬಳಸುವವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ?

ಕೆಲಸ ಮಾಡುತ್ತಲೇ ತಮಗನ್ನಿಸಿದ್ದನ್ನು ಬಾಯಿಬಿಟ್ಟು ಹೇಳುವಂತೆ ಕೋರುವ ವಿಧಾನವಿದೆ. ಮನಶ್ಶಾಸ್ತ್ರದಲ್ಲಿ ಎರಿಕ್ಸನ್ ಮತ್ತು ಸೈಮನ್ ಇದಕ್ಕೆ ಗಟ್ಟಿ ತಳಹದಿ ಹಾಕಿದರು, 1982ರಲ್ಲಿ ಐಬಿಎಂನ ಕ್ಲೇಟನ್ ಲೂಯಿಸ್ ಅದನ್ನು ಕಂಪ್ಯೂಟರ್ ಬಳಕೆಯ ಪರೀಕ್ಷೆಗೆ ತಂದರು. ಮೊದಲು ಸಂಬಂಧವಿಲ್ಲದ ಒಂದು ಸಣ್ಣ ಕೆಲಸ ಕೊಟ್ಟು ಅಭ್ಯಾಸ ಮಾಡಿಸಿ. ಆಮೇಲೆ ಅವರು ಮೌನವಾದಾಗ "ಮಾತಾಡುತ್ತಾ ಇರಿ" ಎಂಬುದರ ಹೊರತು ಬೇರೇನೂ ಹೇಳಬೇಡಿ. ನಡುನಡುವೆ "ಏಕೆ" ಎಂದು ಕೇಳಿದರೆ ಅವರು ನಿಮಗಾಗಿ ಕಾರಣ ಕಟ್ಟತೊಡಗುತ್ತಾರೆ.

ಗೂಗಲ್ ಫಾರ್ಮ್ ಹಂಚಿ 100 ಉತ್ತರ ಪಡೆದರೆ ಸಾಲದೇ?

ಹೆಚ್ಚಿನ ಸಂದರ್ಭಗಳಲ್ಲಿ ಸಾಲದು. ವಿದ್ಯುತ್ ಬಿಲ್ಲು ಅರ್ಥವಾಗುತ್ತದೆಯೇ ಎಂದು ಫಾರ್ಮಿನಲ್ಲಿ ಕೇಳಿದರೆ ಬಹುತೇಕರು ಹೌದು ಎಂಬುದನ್ನು ಒತ್ತುತ್ತಾರೆ, ಅರ್ಥವಾಗುವುದಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಅದರ ಬದಲು ಅವರದೇ ಬಿಲ್ಲನ್ನು ಕೈಗೆ ಕೊಟ್ಟು, ಈ ತಿಂಗಳು ಎಷ್ಟು ಯುನಿಟ್‌ವರೆಗೆ ಹಣ ಕಟ್ಟಬೇಕಾಗಿಲ್ಲ ಎಂಬುದನ್ನು ತೋರಿಸಿ ಎಂದು ಕೇಳಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಎರಡು ಮಿತಿಗಳಿವೆ. 2022-23ನೇ ಸಾಲಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಪ್ರತಿ ಮನೆಗೂ ಒಂದು ಅರ್ಹ ಪ್ರಮಾಣವನ್ನು ನಿಗದಿ ಮಾಡಿದ್ದರು. ಅದನ್ನು ದಾಟಿದರೆ ಹೆಚ್ಚುವರಿ ಯುನಿಟ್‌ಗಳಿಗೆ ಮಾತ್ರ ಹಣ, 200 ಯುನಿಟ್ ದಾಟಿದರೆ ಇಡೀ ಬಿಲ್ಲಿಗೆ ಹಣ. ಕಡಿಮೆ ಬಳಸುವ ಮನೆಗಳ ಹೆಚ್ಚುವರಿ ಲೆಕ್ಕವನ್ನು ಆಮೇಲೆ ಬದಲಾಯಿಸಿದ್ದೂ ಉಂಟು. ಆ ಎರಡು ಮಿತಿಗಳನ್ನು ಸಪೂರ ಕಾಗದದ ಬಿಲ್ಲಿನಲ್ಲಿ ಬೆರಳಿಟ್ಟು ತೋರಿಸಲು ಎಷ್ಟು ಹೊತ್ತು ಹಿಡಿಯಿತು, ಬೆರಳು ಮೊದಲು ಯಾವ ಸಾಲಿಗೆ ಹೋಯಿತು ಎಂಬ ದಾಖಲೆ ನೂರು ಹೌದುಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಫಾರ್ಮಿಗೂ ಅದರ ಜಾಗವಿದೆ. ಗಮನಿಸಿದ್ದರಿಂದ ಹೊಳೆದ ಸಂಗತಿ ಎಷ್ಟು ವ್ಯಾಪಕ ಎಂದು ತಿಳಿಯಲು ಆಮೇಲೆ ಬಳಸಬಹುದು. ಆದರೆ ಅದು ನಿಮ್ಮ ತರಗತಿಯ ಗುಂಪಿನಲ್ಲೇ ಸುತ್ತಾಡಿ ಬಂದಿದ್ದರೆ "ಮಂಗಳೂರಿನ ನಾಗರಿಕರು" ಎಂದು ಬರೆಯಬಾರದು.

ಎಷ್ಟು ಮಂದಿಯನ್ನು ಸೇರಿಸಿಕೊಳ್ಳಬೇಕು? ಐದು ಜನ ಸಾಕು ಎಂದು ಎಲ್ಲೋ ಓದಿದ್ದೇನೆ.

ಆ ಮಾತಿನ ಮೂಲ ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಮಂಡಿಸಿದ ಲೆಕ್ಕ. ಒಬ್ಬ ಬಳಕೆದಾರ ಸರಾಸರಿ ಶೇ. 31ರಷ್ಟು ತೊಡಕುಗಳನ್ನು ಬಯಲಿಗೆ ತರುತ್ತಾನೆ ಎಂದಿಟ್ಟುಕೊಂಡರೆ ಐದು ಮಂದಿಯಿಂದ ಸುಮಾರು ಶೇ. 85ರಷ್ಟು ತೊಡಕುಗಳು ಕಾಣಸಿಗುತ್ತವೆ. ಆದರೆ ಶೇ. 31 ಎಂಬುದು ಕೆಲವು ಯೋಜನೆಗಳ ಸರಾಸರಿಯೇ ಹೊರತು ನಿಸರ್ಗನಿಯಮವಲ್ಲ. ತೊಡಕುಗಳನ್ನು ಹುಡುಕಿ, ತಿದ್ದಿ, ಮತ್ತೆ ಪರೀಕ್ಷಿಸುವವರಿಗೆ ಅದು ಸರಿ. ಎಷ್ಟು ಪಾಲು ಜನ ತಪ್ಪು ಮಾಡುತ್ತಾರೆ ಎಂದು ಅಳೆಯುವವರಿಗೆ ಐದು ಮಂದಿ ಏನೇನೂ ಸಾಲದು. ಐವರಲ್ಲಿ ಮೂವರು ಎಡವಿದರೆ "ಐವರಲ್ಲಿ ಮೂವರು" ಎಂದೇ ಬರೆಯಬೇಕು, ಶೇ. 60 ಎಂದು ಬರೆದು ಪೈ ಚಾರ್ಟ್ ಹಾಕಿದರೆ ಮೌಲ್ಯಮಾಪಕರು ಅಲ್ಲಿಯೇ ನಿಲ್ಲಿಸುತ್ತಾರೆ, ಮತ್ತು ಹಾಗೆ ನಿಲ್ಲಿಸುವುದು ನ್ಯಾಯವೇ. ಓದುಗರಲ್ಲಿ ಎರಡು ಬಗೆಯವರಿದ್ದರೆ, ಉದಾಹರಣೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಮತ್ತು ಮಾತಾಡಲು ಬಂದರೂ ಕನ್ನಡ ಓದಲು ಬಾರದವರು, ಪ್ರತಿ ಬಗೆಯಿಂದಲೂ ಬೇರೆಯಾಗಿ ಆರಿಸಬೇಕು.

ಸಿದ್ಧ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಬಳಸಬಹುದೇ?

ಬಳಸಬಹುದು, ಎಚ್ಚರ ಬೇಕು. ಒಂದು ವ್ಯವಸ್ಥೆ ಬಳಸಲು ಎಷ್ಟು ಸುಲಭ ಎಂದು ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಸಿಸ್ಟಮ್ ಯೂಸೆಬಿಲಿಟಿ ಸ್ಕೇಲ್‌ನಲ್ಲಿ ಹತ್ತು ಹೇಳಿಕೆಗಳಿವೆ, ಬೆಸ ಸಂಖ್ಯೆಯವು ಹೊಗಳುವಂಥವು, ಸಮ ಸಂಖ್ಯೆಯವು ತೆಗಳುವಂಥವು. ಅಂಕ 0ರಿಂದ 100ರವರೆಗೆ ಬಂದರೂ ಅದು ಶೇಕಡಾವಾರು ಅಲ್ಲ, 68ರ ಆಸುಪಾಸನ್ನು ಸಾಧಾರಣ ಮಟ್ಟವೆಂದು ಪರಿಗಣಿಸುತ್ತಾರೆ. ತೆಗಳುವ ಹೇಳಿಕೆಗೆ "ಒಪ್ಪುವುದಿಲ್ಲ" ಎಂದು ಗುರುತು ಹಾಕುವಾಗ ಜನ ಗಲಿಬಿಲಿಯಾಗುತ್ತಾರೆ. ಅನುವಾದವನ್ನು ಇನ್ನೊಬ್ಬರಿಂದ ಮೂಲ ಭಾಷೆಗೆ ಮರಳಿ ಅನುವಾದಿಸಿ ಹೋಲಿಸಿ ನೋಡಿ, ಬಳಿಕ ನಾಲ್ಕಾರು ಮಂದಿಯ ಮೇಲೆ ಪ್ರಯೋಗಿಸಿಯೇ ಅಧ್ಯಯನಕ್ಕೆ ಇಳಿಯಿರಿ.

ಇಂಗ್ಲಿಷಿನ ಓದುವಿಕೆ ಸೂತ್ರಗಳು ಕನ್ನಡಕ್ಕೆ ಅನ್ವಯಿಸುತ್ತವೆಯೇ?

ಇಲ್ಲ. ಬರಹ ಓದಲು ಎಷ್ಟು ಸುಲಭ ಎಂದು ಅಳೆಯುವ 1948ರ ಫ್ಲೆಶ್ ಸೂತ್ರ ವಾಕ್ಯದಲ್ಲಿನ ಪದಗಳನ್ನೂ ಪದದಲ್ಲಿನ ಉಚ್ಚಾರಾಂಶಗಳನ್ನೂ ಎಣಿಸುತ್ತದೆ. ವಿಭಕ್ತಿ, ಕಾಲ, ನಿಷೇಧ ಎಲ್ಲವನ್ನೂ ಒಂದೇ ಪದಕ್ಕೆ ಪೋಣಿಸುವ ಕನ್ನಡದಲ್ಲಿ "ಹೋಗಬೇಕಾಗಿರಲಿಲ್ಲ" ಎಂಬುದು ಯಾರಿಗೂ ಕಷ್ಟದ ಮಾತಲ್ಲ, ಆದರೆ ಆ ಸೂತ್ರದ ಕಣ್ಣಿಗೆ ಅದು ಮಹಾ ಕ್ಲಿಷ್ಟ. ವಿಲ್ಸನ್ ಟೇಲರ್ 1953ರಲ್ಲಿ ಸೂಚಿಸಿದ ಕ್ಲೋಜ್ ಪರೀಕ್ಷೆ, ಅಂದರೆ ನಿಗದಿತ ಅಂತರದಲ್ಲಿ ಪದಗಳನ್ನು ಬಿಟ್ಟು ಓದುಗರಿಂದ ತುಂಬಿಸುವ ವಿಧಾನ, ಇದಕ್ಕಿಂತ ವಾಸಿ. ಪ್ರತ್ಯಯದ ತಪ್ಪನ್ನು ಹೇಗೆ ಎಣಿಸುತ್ತೀರೆಂದು ಮೊದಲೇ ನಿರ್ಧರಿಸಿ ಬರೆದಿಡಬೇಕು.

ನಮ್ಮಲ್ಲಿ ಮಾತು ತುಳುವಿನಲ್ಲಿ, ಕೊಂಕಣಿಯಲ್ಲಿ ಅಥವಾ ಬ್ಯಾರಿಯಲ್ಲಿ ನಡೆಯುತ್ತದೆ, ಕಾಗದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಸಂದರ್ಶನ ಯಾವ ಭಾಷೆಯಲ್ಲಿ?

ಎದುರಿಗಿರುವವರು ಮನೆಯಲ್ಲಿ ಆಡುವ ಭಾಷೆಯಲ್ಲಿ. ಕನ್ನಡದಲ್ಲಿ ಕೇಳಿದರೆ ಹಿರಿಯರು ಸಭೆಯಲ್ಲಿ ಮಾತನಾಡುವ ಧಾಟಿಗೆ ಹೋಗಿಬಿಡುತ್ತಾರೆ, ಉತ್ತರ ಚೆನ್ನಾಗಿರುತ್ತದೆ, ವಿಷಯ ಕಡಿಮೆಯಿರುತ್ತದೆ. ನಿಮಗೆ ಆ ಭಾಷೆ ಬಾರದಿದ್ದರೆ ಜೊತೆಗಾರರ ನೆರವು ಪಡೆದು ಅದನ್ನು ವರದಿಯಲ್ಲಿ ನಮೂದಿಸಿ. ಧ್ವನಿಮುದ್ರಣವನ್ನು ಮೂಲ ಭಾಷೆಯಲ್ಲೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದ ಅಂಕಣದಲ್ಲಿ ಅನುವಾದ ಕೊಡಿ. ಅನುವಾದವನ್ನು ಮಾತ್ರ ಉಳಿಸಿಕೊಂಡರೆ ಆಮೇಲೆ ಯಾರೂ ಪರಿಶೀಲಿಸುವಂತಿಲ್ಲ.

ಬಹುಭಾಷಿಕತೆಯನ್ನು ಅಡಚಣೆಯೆಂದು ಭಾವಿಸುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಈ ಕರಾವಳಿಯ ವಿದ್ಯಾರ್ಥಿಗೆ ಇರುವ ದೊಡ್ಡ ಅನುಕೂಲವೇ ಅದು. ಒಂದು ಭಾಷೆಯಲ್ಲಿ ಬರೆದುದನ್ನು ಇನ್ನೊಂದರಲ್ಲಿ ಓದಿ ಹೇಳಿ, ಮತ್ತೊಂದರಲ್ಲಿ ಕೆಲಸ ಮಾಡಿಸುವುದು ಇಲ್ಲಿ ದಿನನಿತ್ಯದ ಸಂಗತಿ, ಏಕಭಾಷೆಯ ಊರುಗಳಲ್ಲಿ ಕುಳಿತು ಬರೆದ ಸಿದ್ಧಾಂತಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಸಮ್ಮತಿ ಪತ್ರ ಬೇಕೇ? ನೈತಿಕ ಸಮಿತಿಯ ಅನುಮತಿ?

ಮನುಷ್ಯರನ್ನು ಗಮನಿಸುವ, ಸಂದರ್ಶಿಸುವ ಯಾವ ಅಧ್ಯಯನಕ್ಕೂ ಸಮ್ಮತಿ ಬೇಕು. ಆಸ್ಪತ್ರೆಯ ರೋಗಿಗಳು ಅಥವಾ ಆರೋಗ್ಯ ಮಾಹಿತಿ ವಿಷಯವಾಗಿದ್ದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆಯದೆ ಒಬ್ಬರನ್ನೂ ಮಾತನಾಡಿಸುವಂತಿಲ್ಲ. ಆ ಒಪ್ಪಿಗೆಗೆ ಸಮಯ ಹಿಡಿಯುತ್ತದೆ. 18 ವರ್ಷದೊಳಗಿನವರಾದರೆ ಹೆತ್ತವರ ಸಮ್ಮತಿ ಬೇಕು, ಮಕ್ಕಳು ಏಳು ವರ್ಷ ದಾಟಿದ್ದರೆ ಅವರ ಒಪ್ಪಿಗೆಯೂ ಬೇಕು. ಹೆಸರು, ಫೋನ್ ಸಂಖ್ಯೆ, ಬಿಲ್ಲಿನ ಗ್ರಾಹಕ ಸಂಖ್ಯೆ ಮೊದಲಾದುವನ್ನು ಸಂಗ್ರಹಿಸದಿರುವುದೇ ಒಳ್ಳೆಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಶಿಷ್ಟಾಚಾರದ ಮಾತಾಗಿ ಮಾತ್ರ ಉಳಿದಿಲ್ಲ.

ಇನ್ನೊಂದು ಮಾತು. ಸಮ್ಮತಿ ಪತ್ರವೂ ಒಂದು ವೃತ್ತಿಪರ ಬರಹವೇ. ಎರಡು ಪುಟದ ಇಂಗ್ಲಿಷ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದು, ಅರ್ಥವಾಗುವ ಬರವಣಿಗೆಯ ಮೇಲೆ ಪ್ರಬಂಧ ಬರೆಯುವುದು ನಗೆಪಾಟಲಿನ ವಿಷಯವಾಗುತ್ತದೆ.

ಇಂಟರ್ನ್‌ಶಿಪ್ ಮಾಡಿದ ಕಂಪನಿಯ ದಾಖಲೆಗಳನ್ನೇ ಅಧ್ಯಯನ ಮಾಡಬಹುದೇ?

ಲಿಖಿತ ಅನುಮತಿ ಇದ್ದರೆ ಮಾಡಬಹುದು. ನೀವು ಸಹಿ ಮಾಡಿದ ಗೌಪ್ಯತಾ ಒಪ್ಪಂದವನ್ನು ಒಮ್ಮೆ ಪೂರ್ತಿ ಓದಿ. ಯಾವ ಭಾಗವನ್ನು ಉಲ್ಲೇಖಿಸಬಹುದು, ಕಂಪನಿಯ ಹೆಸರು ಹೇಳಬಹುದೇ, ಪ್ರಕಟಣೆಗೆ ಮೊದಲು ಅವರಿಗೆ ತೋರಿಸಬೇಕೇ ಎಂಬ ಮೂರನ್ನೂ ಆರಂಭದಲ್ಲೇ ಇಮೇಲಿನಲ್ಲಿ ಬರೆಸಿಕೊಳ್ಳಬೇಕು, ಬಾಯಿಮಾತಿನ ಒಪ್ಪಿಗೆ ಕೊಟ್ಟವರು ವರ್ಗವಾಗಿ ಹೋದರೆ ಪ್ರಬಂಧವೇ ಸಿಕ್ಕಿಬೀಳುತ್ತದೆ.

ಸರಕಾರಿ ಕಚೇರಿಯ ಅರ್ಜಿ ನಮೂನೆಗಳು, ಅವುಗಳ ಹಳೆಯ ಆವೃತ್ತಿಗಳು ಸಿಗುತ್ತವೆಯೇ?

ಮೊದಲು ಕೌಂಟರಿನಲ್ಲಿ ವಿನಯವಾಗಿ ಕೇಳಿ, ಬಹಳಷ್ಟು ಸಿಗುತ್ತದೆ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಇಷ್ಟರಲ್ಲಿ ಬೇಕಾದ್ದನ್ನು ಸ್ಪಷ್ಟವಾಗಿ ಕೇಳುವುದು ಈ ಕ್ಷೇತ್ರದವರಿಗೆ ಒಳ್ಳೆಯ ಅಭ್ಯಾಸವೂ ಹೌದು.

ಹಿಂದಿನ ಅಧ್ಯಯನಗಳು ಎಲ್ಲಿ ಸಿಗುತ್ತವೆ?

ಭಾರತದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಎಂಬ ಅಂತರಜಾಲ ಭಂಡಾರ. ವಿದೇಶಿ ಲೇಖನಗಳಿಗೆ ಐಇಇಇ ಪ್ರೊಫೆಷನಲ್ ಕಮ್ಯುನಿಕೇಶನ್ ಸೊಸೈಟಿಯ ಪತ್ರಿಕೆ ಮತ್ತು ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂನ ಸಿಗ್‌ಡಾಕ್ ಸಮ್ಮೇಳನದ ಸಂಪುಟಗಳು. ಗ್ರಂಥಾಲಯದ ಚಂದಾ ಇದೆಯೇ ಎಂದು ವಿಚಾರಿಸಿ. ಹಳೆಯ ಲೇಖನಗಳು ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ ಎಂಬ ಸಂಸ್ಥೆಯ ಸದಸ್ಯತ್ವ ಪಡೆಯಲು ಸಲಹೆ ಕೊಡುತ್ತವೆ. 1953ರಿಂದ ನಡೆದುಬಂದ ಆ ಅಮೆರಿಕನ್ ಸಂಸ್ಥೆ 2025ರ ಜನವರಿಯಲ್ಲಿ ದಿವಾಳಿ ಘೋಷಿಸಿ ಮುಚ್ಚಿತು.

ಸಂದರ್ಶನಗಳಲ್ಲಿ ಬಂದ ವಿಷಯಗಳನ್ನು ಗುಂಪು ಮಾಡಿದ್ದೇನೆ. ಅದು ನನ್ನ ಊಹೆಯಷ್ಟೇ ಎಂದು ಆಕ್ಷೇಪಿಸಿದರೆ?

ಪ್ರತಿ ಗುಂಪಿಗೂ ಒಂದು ವ್ಯಾಖ್ಯೆ, ಸೇರುವ ಒಂದು ಉದಾಹರಣೆ, ಸೇರದ ಒಂದು ಉದಾಹರಣೆ ಬರೆಯಿರಿ. ಸಾಮಗ್ರಿಯ ಒಂದು ಭಾಗವನ್ನು ಆ ವ್ಯಾಖ್ಯೆಗಳೊಂದಿಗೆ ಸಹಪಾಠಿಗೆ ಕೊಟ್ಟು ಪ್ರತ್ಯೇಕವಾಗಿ ಗುಂಪು ಮಾಡಿಸಿ. ಇಬ್ಬರ ಗುಂಪುಗಳು ಎಷ್ಟು ಹೊಂದುತ್ತವೆ ಎಂಬುದನ್ನು ಆಕಸ್ಮಿಕ ಹೊಂದಾಣಿಕೆ ಕಳೆದು ಲೆಕ್ಕ ಹಾಕುವ ಕೋಹೆನ್ನರ ಕಪ್ಪಾ ಅಂಕವನ್ನು ಕೊಡುವುದು ರೂಢಿ. ಅಂಕಕ್ಕಿಂತಲೂ, ಎಲ್ಲಿ ಭಿನ್ನಾಭಿಪ್ರಾಯ ಬಂತು, ಅದನ್ನು ಹೇಗೆ ಬಗೆಹರಿಸಿಕೊಂಡಿರಿ ಎಂಬ ಒಂದು ಪುಟ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಎಐ ಉಪಕರಣಗಳನ್ನು ಬಳಸಬಹುದೇ?

ಎಲ್ಲಿ, ಯಾವುದಕ್ಕೆ ಬಳಸಿದಿರಿ ಎಂದು ವರದಿಯಲ್ಲಿ ಹೇಳಿ ಬಳಸಬಹುದು. ಗೌಪ್ಯವಾಗಿಡುತ್ತೇವೆಂದು ಮಾತು ಕೊಟ್ಟು ಪಡೆದ ಸಂದರ್ಶನವನ್ನು ಹೊರಗಿನ ಸೇವೆಗೆ ಏರಿಸುವುದು ಆ ಮಾತಿಗೆ ತಪ್ಪಿದಂತೆ. ತುಳು ಬೆರೆತ ಕನ್ನಡವನ್ನು ಯಂತ್ರ ಬರೆದುಕೊಟ್ಟರೆ ಧ್ವನಿಮುದ್ರಣದೊಂದಿಗೆ ಸಾಲುಸಾಲಾಗಿ ಹೋಲಿಸಿ. ಅದು ಸೂಚಿಸಿದ ಪ್ರತಿ ಆಕರವನ್ನೂ ತೆರೆದು ನೋಡಿ, ಇಲ್ಲದ ಲೇಖನಗಳ ಹೆಸರು ಹೇಳುವುದು ಅದರ ಚಾಳಿ. ಯಂತ್ರಕ್ಕೇ "ನೀನೊಬ್ಬ ಅಡಿಕೆ ಬೆಳೆಗಾರ" ಎಂದು ಹೇಳಿ ಉತ್ತರ ಪಡೆದು ಅದನ್ನು ದತ್ತಾಂಶವೆಂದು ಸಲ್ಲಿಸಿದರೆ ಅದು ಸಂಶೋಧನೆಯೇ ಅಲ್ಲ.

ಕೃತಿಚೌರ್ಯದ ಮಿತಿ ಎಷ್ಟು?

ಯುಜಿಸಿಯ 2018ರ ನಿಯಮಗಳಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆ ಇಲ್ಲ. ಆಮೇಲೆ 40 ಮತ್ತು 60ರ ಗೆರೆಗಳಲ್ಲಿ ದಂಡನೆ ಏರುತ್ತದೆ. ಆಕರ ಸೂಚಿಸಿ ಉದ್ಧರಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕನ್ನಡ ವರದಿಗಳನ್ನು ಸಾಫ್ಟ್‌ವೇರ್ ಸರಿಯಾಗಿ ಹಿಡಿಯುವುದಿಲ್ಲ ಎಂಬ ಧೈರ್ಯ ಬೇಡ, ಓದುವ ಮೇಷ್ಟ್ರು ಹಿಡಿಯುತ್ತಾರೆ.

ವರ್ಷದ ಯಾವ ಹೊತ್ತಿನಲ್ಲಿ ಕ್ಷೇತ್ರಕಾರ್ಯ ಮಾಡಬೇಕು?

ವಿಷಯವೇ ಅದನ್ನು ನಿರ್ಧರಿಸುತ್ತದೆ, ಕಾಲೇಜಿನ ಕ್ಯಾಲೆಂಡರ್ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ದೋಣಿ ಮಾಲಕರೂ ತಾಂಡೇಲರೂ ದಡದಲ್ಲಿ ಸಿಗುತ್ತಾರೆ, ಆದರೆ ಹೊರ ರಾಜ್ಯದ ಕೆಲಸಗಾರರು ಊರಿಗೆ ಹೋಗಿರುತ್ತಾರೆ, ಇನ್‌ಕಾಯ್ಸ್ ಸೂಚನೆಯೂ ಇರುವುದಿಲ್ಲ. ಸಂದರ್ಶನಕ್ಕೆ ಆ ಕಾಲ ಒಳ್ಳೆಯದು, ಗಮನಿಸುವುದಕ್ಕೆ ಅಲ್ಲ. ಅಡಿಕೆಗೆ ಮೊದಲ ಮದ್ದು ಬಿಡುವುದು ಮುಂಗಾರಿನ ಹೊಸ್ತಿಲಲ್ಲಿ, ಎರಡನೆಯದು 40-45 ದಿನಗಳ ಬಳಿಕ. ಮೊದಲನೆಯದು ಪರೀಕ್ಷೆಯ ನಡುವೆ ತಪ್ಪಿದರೆ ಎರಡನೆಯದಕ್ಕೆ ಈಗಲೇ ಮಾತಾಡಿಟ್ಟುಕೊಳ್ಳಿ.

ವರದಿಯನ್ನು ಕನ್ನಡದಲ್ಲಿ ಬರೆಯಬಹುದೇ?

ವಿಭಾಗ ಒಪ್ಪಿದರೆ ಖಂಡಿತ. ಇಂಗ್ಲಿಷಿನಲ್ಲೇ ಬರೆಯಬೇಕಾಗಿ ಬಂದರೆ ಜನರ ಮಾತುಗಳನ್ನು ಮೂಲದಲ್ಲೇ ಉಳಿಸಿ.

ನನ್ನ ಊಹೆ ಸುಳ್ಳಾಯಿತು. ಎಲ್ಲರಿಗೂ ಬರಹ ಸರಿಯಾಗಿಯೇ ಅರ್ಥವಾಗಿದೆ. ಈಗೇನು?

ಅದನ್ನೇ ಬರೆಯಿರಿ. ಮಸುಕಾದ ಅಚ್ಚು, ಕಷ್ಟದ ವಾಕ್ಯ ಇದ್ದರೂ ಜನ ಕೆಲಸವನ್ನು ಸರಿಯಾಗಿ ಮಾಡಿದ್ದರೆ ಅವರಿಗೆ ಬೇರೆಲ್ಲಿಂದಲೋ ನೆರವು ಸಿಕ್ಕಿದೆ: ನೆರೆಮನೆಯವರು, ಅಂಗಡಿಯವರು, ಯೂಟ್ಯೂಬ್, ಸೊಸೈಟಿಯ ಗುಮಾಸ್ತರು. ಆ ನೆರವಿನ ದಾರಿಯನ್ನು ಗುರುತಿಸಿದರೆ ಮೊದಲು ಅಂದುಕೊಂಡಿದ್ದಕ್ಕಿಂತ ಒಳ್ಳೆಯ ಪ್ರಬಂಧವಾಗುತ್ತದೆ.

ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ಯಾರಿಗೆ ಕೊಡಬೇಕು?

ಭಾಗವಹಿಸಿದವರಿಗೆ ಮೊದಲು, ಬರಹವನ್ನು ಹೊರಡಿಸಿದ ಕಚೇರಿಗೆ ಆಮೇಲೆ. ಕಚೇರಿಗೆ ಇಡೀ ಪ್ರಬಂಧ ಕೊಟ್ಟರೆ ಅದು ಕಪಾಟು ಸೇರುತ್ತದೆ. ಒಂದೇ ಹಾಳೆ ಸಾಕು: ಮೇಲೆ ಈಗಿನ ನಮೂನೆಯ ತೊಡಕಿರುವ ಭಾಗ, ಕೆಳಗೆ ನೀವು ತಿದ್ದಿ ಮತ್ತೊಮ್ಮೆ ಪರೀಕ್ಷಿಸಿದ ಭಾಗ, ಬದಿಯಲ್ಲಿ ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಎಡವಿದರು ಎಂಬ ಅಂಕಿ. ನಮೂನೆಯ ಸಂಖ್ಯೆ ಮತ್ತು ದಿನಾಂಕವನ್ನು ತಪ್ಪದೆ ಹಾಕಿ. ನೀವು ಅಧ್ಯಯನ ಮುಗಿಸುವಷ್ಟರಲ್ಲಿ ಅವರು ಹೊಸ ನಮೂನೆಯನ್ನು ಅಚ್ಚು ಹಾಕಿಸಿರುವುದೂ ಉಂಟು.